ವಾಂಪಿರ್ ಸೈನಿಕನ ಪ್ರೇಮಕಥೆ: ಹದಿಮೂರನೇ ಅಧ್ಯಾಯ ಮುಗಿಯಿತು

ನನ್ನ ಕಾದಂಬರಿಯ ಹದಿಮೂರನೇ ಅಧ್ಯಾಯ ಈ ತಿಂಗಳು ಮುಗಿಯಿತು. ಒಟ್ಟು 24 ಅಂದುಕೊಂಡಿದ್ದೇನೆ. ಹೊಸದಾಗಿ ಬರೆದದ್ದು ಎರಡೇ ಅಧ್ಯಾಯ. ಉಳಿದ ದಿನಗಳೆಲ್ಲ ಮೊದಲ ಐದನ್ನು ಕೆಡವಿ ಮತ್ತೆ ಕಟ್ಟುವುದರಲ್ಲೇ ಹೋದವು.

ಕಾರಣ ನಾಯಕನ ಮೌನ. ವಾಂಪಿರ್, ಅಂದರೆ ಸತ್ತು ಎದ್ದು ಬಂದು ರಕ್ತ ಹೀರುವವನು, ನಾಯಕನಾಗಿರುವ ಪ್ರೇಮಕಥೆಗಳಲ್ಲಿ ಅವನು ಯೋಧ, ರಾತ್ರಿಯ ಜೀವಿ, ಒಳಗೊಳಗೇ ಬೇಯುವವನು. ನನ್ನ ರಾದೊವಾನ್ ಕೂಡ ಹಾಗೇ ಇದ್ದ. ಕತ್ತಲಲ್ಲಿ ನಿಲ್ಲುತ್ತಿದ್ದ, ನಾಯಕಿ ಯೆಲೆನಾ ಬಂದರೆ ಮುಖ ತಿರುಗಿಸುತ್ತಿದ್ದ. ಕರಡು ಓದಿದ ಅಕ್ಕ ಒಂದೇ ಮಾತು ಕೇಳಿದಳು: "ಇವನಿಗೆ ಆಗಿರೋದಾದ್ರೂ ಏನು?" ಉತ್ತರ ನನ್ನ ಹತ್ತಿರ ಇರಲಿಲ್ಲ. ದುಃಖ ಇತ್ತು, ದುಃಖಕ್ಕೆ ಕಾರಣ ಇರಲಿಲ್ಲ.

ಅದು ಸಿಕ್ಕಿದ್ದು 1732ರ ಜನವರಿಯ ಒಂದು ಸೇನಾ ವರದಿಯಲ್ಲಿ. ನನ್ನ ಕಥೆ ನಡೆಯುವುದು ಸೆರ್ಬಿಯಾದಲ್ಲಿ. 1718ರಿಂದ 1739ರವರೆಗೆ ಅದರ ಉತ್ತರ ಭಾಗ ತುರ್ಕರ ಕೈತಪ್ಪಿ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ಗಡಿ ಕಾಯಲು ಹೈದುಕರಿದ್ದರು. ಊರಲ್ಲಿ ಬೇಸಾಯ, ಕರೆ ಬಂದರೆ ಕೋವಿ. ಮೆದ್ವೆಜ ಎಂಬ ಹಳ್ಳಿಯಲ್ಲಿ ಸತ್ತವರು ಎದ್ದು ಬಂದು ಜನರನ್ನು ಕೊಲ್ಲುತ್ತಿದ್ದಾರೆ ಎಂದು ದೂರು ಹೋಯಿತು. ಸೇನಾ ವೈದ್ಯ ಯೋಹಾನೆಸ್ ಫ್ಲ್ಯೂಕಿಂಗರ್ ಬಂದು ಗೋರಿ ಅಗೆಸಿ, ಕಂಡದ್ದನ್ನು ಬರೆದ. ಮೂರು ತಿಂಗಳಲ್ಲಿ 17 ಜನ ಸತ್ತಿದ್ದರು. ವಾಂಪಿರ್ ಎಂಬ ಪದ ಯುರೋಪಿನ ಪತ್ರಿಕೆಗಳಲ್ಲೆಲ್ಲ ಹರಡಿದ್ದು ಈ ವರದಿಯಿಂದಲೇ.

ಆ ಊರಿನವರು ಇದಕ್ಕೆಲ್ಲ ಮೂಲ ಎಂದು ತೋರಿಸಿದ್ದು ಒಬ್ಬ ಹೈದುಕನನ್ನು, ಅರ್ನೋಲ್ಡ್ ಪಾವೊಲೆ. ಅವನು ಸತ್ತು ಸುಮಾರು ಐದು ವರ್ಷವಾಗಿತ್ತು. ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡಿದ್ದ. ಬದುಕಿದ್ದಾಗ ಅವನೇ ಹೇಳಿಕೊಳ್ಳುತ್ತಿದ್ದನಂತೆ: ತುರ್ಕರ ಸೀಮೆಯಲ್ಲಿ ನನ್ನನ್ನು ಒಂದು ವಾಂಪಿರ್ ಕಾಡಿತ್ತು, ಬಿಡಿಸಿಕೊಳ್ಳಲು ಅದರ ಗೋರಿಯ ಮಣ್ಣು ತಿಂದೆ, ಅದರ ರಕ್ತ ಮೈಗೆ ಹಚ್ಚಿಕೊಂಡೆ ಅಂತ.

ಈ ಸಾಲು ಓದಿ ನಾನು ಪೆನ್ನು ಕೆಳಗಿಟ್ಟೆ. ಗೋರಿಯ ಮಣ್ಣು ತಿಂದ ಮನುಷ್ಯ! ಅದು ಕೆಲಸ ಮಾಡಿತೋ ಇಲ್ಲವೋ ಅಂತ ಸಾಯುವವರೆಗೂ ಅವನಿಗೆ ಗೊತ್ತಾಗುವಂತಿಲ್ಲ. ಅಂಥವನು ಯಾರ ಪಕ್ಕದಲ್ಲಿ ನಿಶ್ಚಿಂತೆಯಿಂದ ಮಲಗುತ್ತಾನೆ? ಯಾರಿಗೆ ತಾಳಿ ಕಟ್ಟುವ ಧೈರ್ಯ ಮಾಡುತ್ತಾನೆ? (ತಾಳಿ ಎಂದು ಇಲ್ಲಿ ಬರೆದೆ, ಕಾದಂಬರಿಯಲ್ಲಿ ಇಲ್ಲ. ಅಲ್ಲಿ ಮದುವೆ ಚರ್ಚಿನಲ್ಲಿ, ತಲೆಗೆ ಕಿರೀಟ ಇಟ್ಟು.) ಈಗ ರಾದೊವಾನ್ ಮಣ್ಣು ತಿಂದವನು. ಅವನ ಮೌನಕ್ಕೆ ಒಂದು ರುಚಿ ಬಂದಿದೆ, ಮಣ್ಣಿನದೇ. ಮೊದಲ ಐದು ಅಧ್ಯಾಯ ಕೆಡವಿದ್ದು ಇದಕ್ಕೇ.

ವರದಿಯಿಂದ ಇನ್ನೊಂದು ವಿವರ ತೆಗೆದುಕೊಂಡೆ. ಅಗೆದಾಗ ಪಾವೊಲೆಯ ಹಳೆಯ ಚರ್ಮ, ಉಗುರು ಉದುರಿ ಹೊಸದು ಬೆಳೆದಿತ್ತಂತೆ. ಊರಿನವರಿಗೆ ಅದು ಭಯ. ನನ್ನ ಹತ್ತನೇ ಅಧ್ಯಾಯದಲ್ಲಿ, ರಾದೊವಾನ್ ಸತ್ತು ಎದ್ದು ಬಂದ ಮೇಲೆ, ಯೆಲೆನಾ ಅವನ ಕೈ ಹಿಡಿಯುತ್ತಾಳೆ. ಕತ್ತಿ ಹಿಡಿದು ಜಡ್ಡುಗಟ್ಟಿದ್ದ ಕೈ ಈಗ ಹಸುಗೂಸಿನ ಕೈಯಷ್ಟು ಮೆತ್ತಗೆ. ಅವಳು ಅಳುವುದು ಅಲ್ಲೇ. ಇಲ್ಲಿಯವರೆಗೆ ಬರೆದದ್ದರಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು.

ಬಿಸಿಲಿಗೆ ಸುಟ್ಟುಹೋಗುವುದನ್ನು ಕೈಬಿಟ್ಟೆ. ಅದು 1922ರ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು, ಈ ಹಳ್ಳಿಯದ್ದಲ್ಲ. ಬಿಳುಚಿದ ಮುಖವೂ ಬೇಡ. ಅಲ್ಲಿಯ ವಾಂಪಿರ್ ಕೆಂಪಗೆ, ತುಂಬಿಕೊಂಡು ಇರುತ್ತದೆ.

ಪದದ ವಿಷಯದಲ್ಲಿ ಜಾಸ್ತಿ ಒದ್ದಾಡಿದೆ. ರಕ್ತಪಿಶಾಚಿ ಅಂದರೆ ಪ್ರೀತಿ ಮಾಡುವುದು ಕಷ್ಟ, ಅಲ್ವಾ? ಹಾಗಾಗಿ ಸೆರ್ಬಿಯದವರು ಹೇಳುವಂತೆ ವಾಂಪಿರ್ ಎಂದೇ ಇಟ್ಟೆ. ಪಿಶಾಚಿ ಎಂಬ ಮಾತು ಅವನನ್ನು ದ್ವೇಷಿಸುವವರ ಬಾಯಲ್ಲಿ ಮಾತ್ರ ಬರುತ್ತದೆ.

ಕನ್ನಡದಲ್ಲಿ ಬರೆಯುವುದರ ಸುಖ ತಿಳಿದದ್ದು ಹದಿಮೂರನೇ ಅಧ್ಯಾಯದಲ್ಲಿ. ಹನ್ನೆರಡು ಅಧ್ಯಾಯ ಯೆಲೆನಾ ಅವನನ್ನು "ನೀವು" ಅಂದಿದ್ದಾಳೆ. ಕೊಟ್ಟಿಗೆಯಲ್ಲಿ ಗಾಯಕ್ಕೆ ಬಟ್ಟೆ ಸುತ್ತುವಾಗ, ಅವಳಿಗೇ ಗೊತ್ತಿಲ್ಲದೆ, "ನೀನು ಸುಮ್ನೆ ಕೂತ್ಕೋ" ಅಂತಾಳೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಮುತ್ತಿನ ದೃಶ್ಯ ಬರೆದಿಟ್ಟಿದ್ದೆ, ತೆಗೆದೆ. ಆ ಅಧ್ಯಾಯಕ್ಕೆ "ನೀನು" ಸಾಕು.

ಇದು ಸರಣಿಯ ಮೊದಲ ಪುಸ್ತಕ. ಎರಡನೆಯದು ಅವನ ಜೊತೆಗಾರ ಹೈದುಕನದು. ಅವನ ಬಗ್ಗೆ ನಾಲ್ಕು ಪುಟ ಟಿಪ್ಪಣಿ ಮಾತ್ರ ಇದೆ.

ಮುಂದಿನದು ಕಷ್ಟದ ಅಧ್ಯಾಯ. ವೈದ್ಯರು ಊರಿಗೆ ಬರುತ್ತಾರೆ. ವರದಿಯ ಪ್ರಕಾರ ವಾಂಪಿರ್ ಎನಿಸಿದ ಹೆಣಗಳ ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಹಾಕಿದರು. ರಾದೊವಾನನ ಗೋರಿ ಬರಿದಾಗಿದೆ ಎಂದು ಊರಲ್ಲಿ ಗೊತ್ತಿರುವುದು ಯೆಲೆನಾಗೆ ಒಬ್ಬಳಿಗೇ. ಅಗೆಯುವವರು ಅವನ ಸಾಲಿಗೆ ಬರುವ ಹೊತ್ತಿಗೆ ಅವಳು ಅಲ್ಲಿ ನಿಂತಿರಬೇಕು. ಏನು ಹೇಳುತ್ತಾಳೆ ಎಂಬ ಮೊದಲ ಸಾಲು ನಿನ್ನೆ ರಾತ್ರಿ ಸಿಕ್ಕಿತು.