ಮಂಗನ ಕಾಯಿಲೆ ವೈರಸ್ಸಿಗೆ ಆಂಟಿಬಾಡಿ ಕೂರಿಸುವ ಪ್ರಾಜೆಕ್ಟು: ಎಲ್ಲಿಗೆ ಬಂತು

ಲೈಸೋಝೈಮ್ ಎಂಬ ಕೋಳಿಮೊಟ್ಟೆಯ ಪ್ರೋಟೀನಿನ ಮೇಲೆ ಮಾಡಿದ ಮೊದಲ ಪರೀಕ್ಷೆ ಪಾಸಾಯಿತು. ಆದರೆ ಅದನ್ನು ನಾನು ಗೆಲುವಿನ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ಸಿದ್ದಾಪುರ, ಹೊನ್ನಾವರದ ಕಡೆ ಬೇಸಿಗೆಯಲ್ಲಿ ದರಕು ತರಲು ಬೆಟ್ಟಕ್ಕೆ ಹೋಗುವವರು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಉಣುಗು ಕಚ್ಚಿದರೆ ಮಂಗನ ಕಾಯಿಲೆಯ ಹೆದರಿಕೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸಿಕ್ಕ ವೈರಸ್ಸು ಇದು. ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಈ ವೈರಸ್ಸಿನ ಮೈಮೇಲಿನ ಇ ಪ್ರೋಟೀನನ್ನು ಆಂಟಿಬಾಡಿ (ರೋಗಾಣುವನ್ನು ಹಿಡಿಯಲು ನಮ್ಮ ಮೈ ತಯಾರಿಸುವ ಪ್ರೋಟೀನ್) ಎಲ್ಲಿ ಹಿಡಿಯುತ್ತದೆ ಎಂದು ಶಿರಸಿಯ ಮನೆಯಲ್ಲಿ ಕೂತು ಊಹಿಸಲು ಆಗುತ್ತದೆಯೇ ನೋಡುವುದು ನನ್ನ ಕೆಲಸ. ಪ್ರೋಟೀನುಗಳ ಆಕಾರವನ್ನೂ ಅವು ಕೂಡುವ ಬಗೆಯನ್ನೂ ಊಹಿಸುವ ಆಲ್ಫಾಫೋಲ್ಡ್ ಎಂಬ ಎಐ ಸಾಫ್ಟ್‌ವೇರಿನ ಆನ್‌ಲೈನ್ ಸರ್ವರ್ ಇರುವುದರಿಂದ ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ. ನೆಟ್‌ವರ್ಕ್ ಇದ್ದರಾಯಿತು, ಮಳೆಗಾಲದಲ್ಲಿ ಅದೇ ದೊಡ್ಡ ಮಾತು.

ಮೊದಲ ಪರೀಕ್ಷೆಗೆ ತೆಗೆದುಕೊಂಡಿದ್ದು ಡಿ1.3. ಕೋಳಿಮೊಟ್ಟೆಯ ಲೈಸೋಝೈಮನ್ನು ಹಿಡಿಯುವ ಈ ಆಂಟಿಬಾಡಿಯ ರಚನೆ 1986ರಲ್ಲೇ ಪ್ರಕಟವಾಗಿದೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ; ಲೈಸೋಝೈಮಿನ 121ನೇ ಅಮೈನೋ ಆಮ್ಲ ಗ್ಲುಟಮಿನ್. ಅದು ಆಂಟಿಬಾಡಿಯ ಎರಡು ಬಗೆಯ ಎಳೆಗಳಾದ ಭಾರ ಸರಪಳಿ, ಹಗುರ ಸರಪಳಿಗಳ ನಡುವಿನ ಪೊಟರೆಗೆ ಸರಿಯಾಗಿ ಇಳಿದು ಕೂರುತ್ತದೆ. ನನ್ನ ಮಾಡೆಲ್‌ನಲ್ಲೂ ಅಲ್ಲೇ ಕೂತಿತು, ಜೋಡಣೆಯ ಬಗ್ಗೆ ಮಾಡೆಲ್‌ಗೆ ಎಷ್ಟು ಭರವಸೆ ಎಂದು ತೋರಿಸುವ ಐಪಿಟಿಎಂ ಅಂಕವೂ ಚೆನ್ನಾಗಿಯೇ ಬಂತು. ಬಾರದೆ ಏನು? ಆಲ್ಫಾಫೋಲ್ಡ್ 3 ಕಲಿತದ್ದು 2021ರ ಸೆಪ್ಟೆಂಬರ್‌ವರೆಗಿನ ರಚನೆಗಳಿಂದ. ಈ ಲೈಸೋಝೈಮ್ ಜೋಡಿಯನ್ನು ಅದು ಆಗಲೇ ನೋಡಿದೆ.

ಹಾಗಾಗಿ 121ರಲ್ಲಿ ಗ್ಲುಟಮಿನ್ ತೆಗೆದು ಹಿಸ್ಟಿಡಿನ್ ಹಾಕಿದೆ. ಟರ್ಕಿಕೋಳಿಯ ಲೈಸೋಝೈಮಿನಲ್ಲಿ ಇರುವುದು ಅದೇ, ಡಿ1.3 ಅದನ್ನು ತೀರಾ ಸಡಿಲವಾಗಿ ಹಿಡಿಯುತ್ತದೆ. ಮಾಡೆಲ್‌ಗೆ ಅದರ ಪರಿವೆಯೇ ಇಲ್ಲ! ಅದೇ ಭಂಗಿ, ಹೆಚ್ಚುಕಡಿಮೆ ಅದೇ ಅಂಕ. ಆಮೇಲೆ ಡಿ1.3ಗೆ ಸಂಬಂಧವೇ ಇಲ್ಲದ ಮಂಗನ ಕಾಯಿಲೆ ಪ್ರೋಟೀನನ್ನು ಜೋಡಿಸಿ ಕೊಟ್ಟೆ. ಅಂಕ ಕುಸಿಯಿತು ನಿಜ, ಆದರೆ ಎರಡನ್ನೂ ಅಂಟಿಸಿಯೇ ಕೊಟ್ಟಿತು. ಸೀಡ್ ಸಂಖ್ಯೆ (ಪ್ರತಿ ಓಟ ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಅಂಕಿ) ಬದಲಿಸಿದಾಗಲೆಲ್ಲ ಬೇರೆ ಬೇರೆ ಜಾಗದಲ್ಲಿ. "ಇವೆರಡು ಕೂಡುವುದಿಲ್ಲ" ಎನ್ನುವ ಉತ್ತರ ಈ ಸಾಫ್ಟ್‌ವೇರ್ ಬಾಯಲ್ಲಿ ಬರುವುದೇ ಇಲ್ಲ. ಎಲ್ಲಿ ಹಿಡಿಯುತ್ತದೆ ಎಂದು ಕೇಳಬಹುದು. ಹಿಡಿಯುತ್ತದೆಯೋ, ಎಷ್ಟು ಬಿಗಿಯಾಗಿ ಎಂದು ಕೇಳಿದರೆ ಬರುವ ಉತ್ತರ ನಂಬುವಂಥದ್ದಲ್ಲ.

ಆಂಟಿಬಾಡಿಗಳೇ ಯಾಕೆ ಇಷ್ಟು ಕಷ್ಟ? ಬೇರೆ ಪ್ರೋಟೀನ್ ಜೋಡಿಗಳು ಕೋಟ್ಯಂತರ ವರ್ಷ ಒಟ್ಟಿಗೆ ಬದಲಾಗುತ್ತ ಬಂದಿವೆ. ಒಂದರ ಬದಲಾವಣೆ ಇನ್ನೊಂದರಲ್ಲಿ ಗುರುತು ಬಿಟ್ಟಿರುತ್ತದೆ, ಮಾಡೆಲ್ ಅದನ್ನೇ ಹಿಡಿದು ಹೋಗುತ್ತದೆ. ಆಂಟಿಬಾಡಿ ಒಬ್ಬರ ಮೈಯಲ್ಲಿ ಕೆಲವೇ ವಾರಗಳಲ್ಲಿ ತಿದ್ದಿಕೊಂಡು ತಯಾರಾದದ್ದು, ಅಂಥ ಗುರುತು ಇಲ್ಲ. ಅದರ ಮೇಲೆ, ಆಂಟಿಬಾಡಿ ಹಿಡಿಯುವ ತುದಿಯಲ್ಲಿರುವ ಭಾರ ಸರಪಳಿಯ ಮೂರನೇ ಕುಣಿಕೆ, ಎಚ್3. ಉದ್ದವೂ ಆಕಾರವೂ ಒಂದರಂತೆ ಇನ್ನೊಂದಿಲ್ಲ. ಆಲ್ಫಾಫೋಲ್ಡ್ ತಂಡದವರೇ ಆಂಟಿಬಾಡಿಗೆ 1000 ಸೀಡ್‌ವರೆಗೆ ಓಡಿಸಿ ನೋಡಿದ್ದಾರೆ. ಉಚಿತ ಸರ್ವರ್‌ನ ದಿನದ ಮಿತಿಯಲ್ಲಿ ನಮಗೆ ಅದು ಆಗುವ ಮಾತಲ್ಲ.

ಈಗ ಕೈಯಲ್ಲಿರುವುದು ಡೊಮೈನ್ 3, ಇ ಪ್ರೋಟೀನಿನ ಕೊನೆಯ ಕಡೆಯ ಸುಮಾರು ನೂರು ಅಮೈನೋ ಆಮ್ಲಗಳ ತುಂಡು. ಉಣುಗಿನಿಂದಲೇ ಹರಡುವ ಯುರೋಪಿನ ಮಿದುಳುಜ್ವರದ ವೈರಸ್, ಟಿಬಿಇ, ಇದರ ದಾಯಾದಿ. ಟಿಬಿಇ ಬಂದವರ ರಕ್ತದಿಂದ ತೆಗೆದ ಕೆಲವು ಆಂಟಿಬಾಡಿಗಳು ಮಂಗನ ಕಾಯಿಲೆ ವೈರಸ್ಸನ್ನೂ ತಡೆಯುತ್ತವೆ ಎಂದು 2021ರಲ್ಲಿ ಪ್ರಕಟವಾಗಿದೆ. ಅವು ಡೊಮೈನ್ 3ರ ಪಕ್ಕದ ಏಣನ್ನು ಹಿಡಿಯುತ್ತವೆ. ಅಂಥದ್ದೊಂದನ್ನು ನಮ್ಮ ವೈರಸ್ಸಿನ ತುಂಡಿನ ಜೊತೆ ಕೊಟ್ಟಾಗ ಹೆಚ್ಚಿನ ಸೀಡ್‌ಗಳು ಆ ಏಣಿನ ಮೇಲೇ ಬಂದು ಕೂತವು. ಇಲ್ಲೂ ಟಿಬಿಇ ರಚನೆಯ ನೆನಪು ಕೆಲಸ ಮಾಡಿರಬಹುದು. ಆದರೂ ಸೀಡ್‌ಗಳು ಒಮ್ಮತಕ್ಕೆ ಬರುತ್ತವೆಯೇ ಎಂಬುದನ್ನು ಅಂಕಕ್ಕಿಂತ ಹೆಚ್ಚು ನಂಬುತ್ತೇನೆ.

ಮುಂದಿನ ಸರದಿ 2021ರ ಸೆಪ್ಟೆಂಬರ್ ಆದಮೇಲೆ ಬಿಡುಗಡೆಯಾದ ಜೋಡಿಗಳದು. ಆಂಟಿಬಾಡಿ ರಚನೆಗಳ ಸಂಗ್ರಹವಾದ ಸ್ಯಾಬ್‌ಡ್ಯಾಬ್‌ನಲ್ಲಿ ದಿನಾಂಕ ನೋಡಿ ಆರಿಸುತ್ತಿದ್ದೇನೆ. ಊಹೆ ನಿಜವಾದ ರಚನೆಗೆ ಎಷ್ಟು ಹತ್ತಿರ ಎಂದು 0ಯಿಂದ 1ರವರೆಗೆ ಅಳೆಯುವ ಡಾಕ್‌ಕ್ಯೂ ಅಂಕ 0.23 ದಾಟಿದ್ದನ್ನು ಮಾತ್ರ ಪಾಸು ಎಂದು ಬರೆದುಕೊಳ್ಳುವುದು, ಪ್ರತಿ ಜೋಡಿಯ ಜೊತೆಗೂ ಒಂದು ಸುಳ್ಳು ಜೋಡಿ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಜೋಡಿ, ಓಡಿಸುವುದು.