ಸೀಟು ನೇಗಿಲ ಮೇಲೆ

13 ಜುಲೈ 2024, ಶನಿವಾರ
ಬ್ಲೂಮಿಂಗ್ಟನ್, ಇಲಿನಾಯ್

ಬೆಳಿಗ್ಗೆ ಆರೂವರೆಗೇ ಅಪ್ಪಯ್ಯ ಸ್ನಾನ ಮುಗಿಸಿ, ಪ್ಯಾಂಟು ಶರ್ಟು ಹಾಕಿಕೊಂಡು ಸೋಫಾದ ಮೇಲೆ ತಯಾರಾಗಿ ಕೂತಿದ್ದರು. ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದು ಐದು ವಾರವಾಯಿತು. ಶಿಕಾಗೋ ನೋಡಿದರು, ದೇವಸ್ಥಾನ ನೋಡಿದರು, ದೊಡ್ಡ ಅಂಗಡಿಗಳನ್ನೆಲ್ಲ ನೋಡಿದರು. ಯಾವುದಕ್ಕೂ ಇಷ್ಟು ಬೇಗ ಹೊರಟಿರಲಿಲ್ಲ. ಹಳೆ ಟ್ರ್ಯಾಕ್ಟರುಗಳ ಮೇಳ ಇದೆ, ಹೋಗೋಣ ಅಂತ ನಿನ್ನೆ ರಾತ್ರಿ ಹೇಳಿದ್ದೆ, ಅಷ್ಟೇ.

ದಾರಿಯುದ್ದಕ್ಕೂ ಎರಡೂ ಕಡೆ ಮೆಕ್ಕೆಜೋಳ. ಆಳೆತ್ತರ ಬೆಳೆದಿದೆ. ಅಪ್ಪಯ್ಯ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಒಂದಾದ್ರೂ ಅಂಚು ಕಾಣಲ್ವಲ್ಲ ಪುಟ್ಟಿ. ಒಬ್ಬರದ್ದು ಎಲ್ಲಿ ಮುಗೀತು, ಇನ್ನೊಬ್ಬರದ್ದು ಎಲ್ಲಿ ಶುರುವಾಯ್ತು ಅಂತ ಹ್ಯಾಗೆ ಗೊತ್ತಾಗುತ್ತೆ?" ಅಂದರು.

ಮೇಳದಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಹೊಸ ಬಣ್ಣ, ಹೊಳೆಯುವ ಮೂತಿ. ಅಪ್ಪಯ್ಯ ಅವನ್ನು ನೋಡುತ್ತಾ ಬೇಗ ಬೇಗ ದಾಟಿದರು. ಹಿಂದಿನ ಸಾಲಿನ ಕೊನೆಯಲ್ಲಿ ಒಂದು ಯಂತ್ರದ ಮುಂದೆ ನಿಂತವರು ಮಾತ್ರ ಅಲ್ಲಿಂದ ಕದಲಲಿಲ್ಲ.

ಎದೆಮಟ್ಟಕ್ಕೆ ಬರುವ ಎರಡು ಕಬ್ಬಿಣದ ಚಕ್ರ. ಅವುಗಳ ಮುಂದೆ ಎಂಜಿನ್. ಅದರ ಮುಂದೆ ಬೇರೆ ಚಕ್ರವಿಲ್ಲ. ಹಿಂದೆ ಎರಡು ಗುಳದ ನೇಗಿಲು ತಗುಲಿಸಿದ್ದರು. ಓಡಿಸುವವನ ಸೀಟು ಇದ್ದದ್ದು ಆ ನೇಗಿಲ ಮೇಲೆ! ಸ್ಟೀರಿಂಗಿನ ಉದ್ದ ಸರಳು ಅಲ್ಲಿಯ ತನಕ ಹಿಂದೆ ಬಂದಿತ್ತು.

"ಇದು ಟಿಲ್ಲರು ಕಣೇ," ಅಂದರು ಅಪ್ಪಯ್ಯ. ನಮ್ಮೂರಲ್ಲಿ ಗದ್ದೆ ಉಳುವ ಪವರ್ ಟಿಲ್ಲರಿನ ಹಾಗೆ ಅಂತ.

ನನಗೆ ಹೋದ ವರ್ಷದಿಂದ ಈ ಹಳೆ ಯಂತ್ರಗಳ ಬಗ್ಗೆ ಓದುವ ಹುಚ್ಚು. ತಿಂಗಳುಗಟ್ಟಲೆ ಓದಿ ನಾನು ಮುಟ್ಟಿದ ಮಾತನ್ನು ಅವರು ಒಂದೇ ನೋಟಕ್ಕೆ ಹೇಳಿಬಿಟ್ಟರು.

ಅದು ಮೋಲೀನ್ ಯೂನಿವರ್ಸಲ್, ಮಾಡೆಲ್ ಡಿ. ಮೋಲೀನ್ ನಮ್ಮ ಮನೆಯಿಂದ ಎರಡು ಗಂಟೆ ದೂರದಲ್ಲಿ, ಮಿಸಿಸಿಪ್ಪಿ ನದಿ ದಡದಲ್ಲಿರುವ ಊರು. ಜಾನ್ ಡೀರ್ ಕಂಪನಿಯ ಊರು ಅಂತ ಎಲ್ಲರಿಗೂ ಗೊತ್ತು. ಅದೇ ಊರಲ್ಲಿ ಮೋಲೀನ್ ಪ್ಲೌ ಅಂತ ಇನ್ನೊಂದು ದೊಡ್ಡ ನೇಗಿಲು ಕಂಪನಿ ಇತ್ತು. ಒಹಾಯೋದ ಕೊಲಂಬಸ್‌ನಲ್ಲಿ ಯೂನಿವರ್ಸಲ್ ಅನ್ನುವ ಸಣ್ಣ ಕಂಪನಿಯೊಂದು ಎರಡು ಚಕ್ರದ ಟ್ರ್ಯಾಕ್ಟರು ಮಾಡುತ್ತಿತ್ತು. 1915ರಲ್ಲಿ ಮೋಲೀನಿನವರು ಆ ಕಂಪನಿಯನ್ನೇ ಕೊಂಡರು. ಮೊದಲು ಬಂದದ್ದು ಎರಡು ಸಿಲಿಂಡರಿನ ಎಂಜಿನ್ನು. ನಾಲ್ಕು ಸಿಲಿಂಡರಿನ ಮಾಡೆಲ್ ಡಿ ಬಂದದ್ದು 1918ರ ಹೊತ್ತಿಗೆ. ಅದಕ್ಕೆ ಎಲೆಕ್ಟ್ರಿಕ್ ಸ್ಟಾರ್ಟರು, ರಾತ್ರಿ ಉಳಲು ದೀಪ, ಎಂಜಿನ್ ವೇಗ ಹಿಡಿತದಲ್ಲಿಡಲು ಕರೆಂಟಿನ ಗವರ್ನರು. ಉಳಿದವರೆಲ್ಲ ಇನ್ನೂ ಹ್ಯಾಂಡಲ್ ಹೊಡೆದು, ತೋಳು ನೋಯಿಸಿಕೊಂಡು ಟ್ರ್ಯಾಕ್ಟರು ಚಾಲೂ ಮಾಡುತ್ತಿದ್ದ ಕಾಲ ಅದು.

ಎರಡೇ ಚಕ್ರ ಯಾಕೆ? ನನಗೆ ಇದು ತುಂಬ ಇಷ್ಟವಾದ ಯೋಚನೆ. ಆಗಿನ ರೈತನ ಮನೆಯಲ್ಲಿ ಕುದುರೆಗೆ ಕಟ್ಟುವ ಸಾಮಾನು ಎಲ್ಲವೂ ಇತ್ತು. ನೇಗಿಲು, ಹುಲ್ಲು ಕೊಯ್ಯುವ ಯಂತ್ರ, ಗೋಧಿ ಕೊಯ್ದು ಸಿವುಡು ಕಟ್ಟುವ ಯಂತ್ರ. ಹೆಚ್ಚಿನವಕ್ಕೆ ಅವುಗಳದ್ದೇ ಚಕ್ರ, ಅವುಗಳದ್ದೇ ಸೀಟು. ಹಾಗಿದ್ದರೆ ಕುದುರೆ ಇದ್ದ ಜಾಗದಲ್ಲಿ ಎಂಜಿನ್ ನಿಲ್ಲಿಸಿದರೆ ಸಾಕಲ್ವಾ? ಹಿಂದಿನ ಎರಡು ಚಕ್ರ ಆ ಸಾಮಾನಿನಿಂದಲೇ ಬರುತ್ತದೆ. ಯಂತ್ರದ ತೂಕ ಹೆಚ್ಚು ಕಡಿಮೆ ಪೂರ್ತಿ ಎಳೆಯುವ ಎರಡು ಚಕ್ರಗಳ ಮೇಲೇ ಬೀಳುತ್ತದೆ. ಸುಮ್ನೆ ಹೊತ್ತು ತಿರುಗುವ ತೂಕ ಅಂತ ಇಲ್ಲ. ಯಂತ್ರದ ತಲೆ ಭಾರವಾಗಿ ಮಗುಚದ ಹಾಗೆ ಚಕ್ರದೊಳಗೆ ಕಾಂಕ್ರೀಟ್ ತುಂಬಿದ್ದರು. ಅಪ್ಪಯ್ಯ ಆ ಕಾಂಕ್ರೀಟನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ಕೊಬ್ಬರಿ ಆಗಿದೆಯಾ ಅಂತ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ.

ಆ ಯಂತ್ರದ ಮಾಲೀಕರು ಎಂಬತ್ತರ ಹತ್ತಿರದ ಒಬ್ಬ ಅಜ್ಜ. ಅಪ್ಪಯ್ಯ ಕೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ.

"ನೇಗಿಲು ಬಿಚ್ಚಿದ್ರೆ ಇದು ಬೀಳುತ್ತಲ್ಲ? ಆಗ ಏನು ಮಾಡ್ತೀರಿ ಕೇಳು."

ಅಜ್ಜನ ಮುಖ ಅರಳಿತು. ಹತ್ತಿರ ಒರಗಿಸಿದ್ದ ದಪ್ಪ ಮರದ ತುಂಡನ್ನು ಎತ್ತಿ ತೋರಿಸಿದರು. ಬಿಚ್ಚುವ ಮೊದಲು ಊರೆ ಕೊಡಬೇಕು. ಅಪ್ಪಯ್ಯ ತಲೆಯಾಡಿಸಿದರು. ನಮ್ಮ ಮನೆಯ ಟಿಲ್ಲರು ಶೆಡ್ಡಿನಲ್ಲಿ ಹಾಗೇ ನಿಲ್ಲುವುದು. ಎದುರಿಗೆ ಒಂದು ಸ್ಟ್ಯಾಂಡು, ಅದು ಸವೆದ ಮೇಲೆ ಒಂದು ಹಲಸಿನ ಮರದ ತುಂಡು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿಲ್ಲರು ಗದ್ದೆಯಲ್ಲಿ ಎರಡು ಚಕ್ರದ ಯಂತ್ರ. ಹಿಂದೆ ನಡೆಯಬೇಕು. ಅದಕ್ಕೇ ಟ್ರೈಲರು ಸಿಕ್ಕಿಸಿದರೆ ನಾಲ್ಕು ಚಕ್ರದ ಗಾಡಿ. ಓಡಿಸುವವನ ಸೀಟು ಟ್ರೈಲರಿನ ಮೇಲೆ. ಅಡಿಕೆ, ಗೊಬ್ಬರ, ಸೊಪ್ಪು, ಮದುವೆ ಮನೆಯ ಪಾತ್ರೆ, ಎಲ್ಲ ಅದರಲ್ಲೇ ಬರುತ್ತದೆ. ಯೂನಿವರ್ಸಲ್ ಮಾಡಿದವರು ಯೋಚಿಸಿದ್ದೂ ಅದನ್ನೇ. ಗಾತ್ರ ಮಾತ್ರ ಬೇರೆ. ನಮ್ಮ ಟಿಲ್ಲರಿಗೆ 12–13 ಅಶ್ವಶಕ್ತಿ, ತೂಕ ಅರ್ಧ ಟನ್ನಿನ ಒಳಗೆ. ಇದಕ್ಕೆ, ಬೆಲ್ಟು ಹಾಕಿ ಬೇರೆ ಯಂತ್ರ ತಿರುಗಿಸುವಾಗ, ಕಂಪನಿ ಹೇಳುತ್ತಿದ್ದ ಲೆಕ್ಕ 18 ಅಶ್ವಶಕ್ತಿ, ತೂಕ ಒಂದೂವರೆ ಟನ್ನಿನ ಆಸುಪಾಸು. ನಡೆದುಕೊಂಡು ಹ್ಯಾಂಡಲ್ ಹಿಡಿದು ತಿರುಗಿಸುವ ಮಾತೇ ಇಲ್ಲ. ಅದಕ್ಕೇ ಯಂತ್ರವನ್ನು ನಡುವಿನಲ್ಲಿ ಬಾಗುವಂತೆ ಮಾಡಿದ್ದರು. ಸ್ಟೀರಿಂಗ್ ತಿರುಗಿಸಿದರೆ ಎಂಜಿನ್ನಿನ ಭಾಗ ಒಂದು ಕಡೆ ವಾಲಿಕೊಂಡು, ನೇಗಿಲು ಹಿಂದೆ ಬರುತ್ತದೆ.

"ಇಳಿಜಾರಲ್ಲಿ ಇದೂ ಉಲ್ಟಾ ಹೊಡೆಯುತ್ತಾ?" ಅಂತ ಅಪ್ಪಯ್ಯ ಕೇಳಿದರು. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಟಿಲ್ಲರಿನ ಹ್ಯಾಂಡಲಿಗೆ ಎರಡೂ ಕಡೆ ಒಂದೊಂದು ಕ್ಲಚ್ಚು. ಎಡದ್ದು ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಬಲ ತಪ್ಪುತ್ತದೆ. ಬಲ ಚಕ್ರ ಮಾತ್ರ ತಳ್ಳುತ್ತದೆ, ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಎಂಜಿನ್ನು ಎರಡೂ ಚಕ್ರವನ್ನು ತಡೆದು ಹಿಡಿದಿರುತ್ತದೆ. ಎಡದ್ದು ಹಿಡಿದರೆ ಎಡ ಚಕ್ರ ಸಡಿಲವಾಗಿ ಮುಂದಕ್ಕೆ ಓಡುತ್ತದೆ, ಟಿಲ್ಲರು ಬಲಕ್ಕೆ ನುಗ್ಗುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಟ್ರೈಲರು ತುಂಬ ಗೊಬ್ಬರ ಹೇರಿಕೊಂಡು ಅಪ್ಪಯ್ಯ ಕೆರೆ ಏರಿಯಿಂದ ಇಳಿಯುತ್ತಿದ್ದರು. ಟಿಲ್ಲರು ತಂದು ಇನ್ನೂ ತಿಂಗಳಾಗಿರಲಿಲ್ಲ. ಎಡಕ್ಕೆ ತಿರುಗಬೇಕಿತ್ತು, ಅಭ್ಯಾಸದಂತೆ ಎಡ ಕ್ಲಚ್ಚು ಹಿಡಿದರು. ಟಿಲ್ಲರು ಬಲಗಡೆಯ ಚರಂಡಿಗೆ ಇಳಿಯಿತು. ಅವರು ಹಾರಿಕೊಂಡರು, ಕಾಲು ಉಳುಕಿತು ಅಷ್ಟೇ. ಅಮ್ಮ ಎಷ್ಟೋ ದಿನ ಆ ದಾರಿ ಕಡೆ ನೋಡುತ್ತಿರಲಿಲ್ಲ. ಇವತ್ತಿಗೂ ಮನೆಯಲ್ಲಿ ಯಾರು ಟಿಲ್ಲರು ಕಲಿತರೂ ಮೊದಲ ಪಾಠ ಅದೇ.

ಇಲ್ಲಿಯ ನೆಲ ಅಂಗೈ ಹಾಗೆ ಸಮ. ಅಜ್ಜನಿಗೆ ಆ ಪ್ರಶ್ನೆ ಪೂರ್ತಿ ಅರ್ಥವಾಗಲಿಲ್ಲ ಅನ್ನಿಸುತ್ತದೆ.

ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಮರದ ನೆರಳಲ್ಲಿ ಕೂತೆವು. ಇದಕ್ಕಿಂತ ದೊಡ್ಡದು ಇತ್ತಾ ಅಂತ ಅಪ್ಪಯ್ಯ ಕೇಳಿದರು. ಇತ್ತು, ಜರ್ಮನಿಯಲ್ಲಿ. ಬರ್ಲಿನ್ನಿನ ರಾಬರ್ಟ್ ಸ್ಟಾಕ್ ಅನ್ನುವವರು ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಮೋಟಾರು ನೇಗಿಲು ಮಾಡಿದ್ದರು. ಮುಂದೆ ಎರಡು ಭಾರಿ ಚಕ್ರ, ಹಿಂದಕ್ಕೆ ಉದ್ದದ ಚೌಕಟ್ಟು, ಅದರ ಕೆಳಗೆ ಸಾಲಾಗಿ ಗುಳಗಳು, ಕೊನೆಗೆ ಒಂದು ಪುಟ್ಟ ಚಕ್ರ. 1912ರಲ್ಲಿ ಹಾನೊಮಾಗ್ ಕಂಪನಿ ಅದೇ ಮಾದರಿಯಲ್ಲಿ 80 ಅಶ್ವಶಕ್ತಿಯದ್ದು ತಂದಿತು. ಫೋನಿನಲ್ಲಿ ಫೋಟೋ ತೋರಿಸಿದೆ. ಅಪ್ಪಯ್ಯ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. "ಮನುಷ್ಯ ಎಲ್ಲಿ ಕೂರ್ತಾನೆ?" ಅಂತ ಹುಡುಕುತ್ತಿದ್ದರು.

ಎಲ್ಲದಕ್ಕೂ ಅವರ ಮೊದಲ ಪ್ರಶ್ನೆ ಅದೇ. ಉಗಿ ಎಂಜಿನ್ನಿನ ಉಳುಮೆಯ ಕತೆ ಹೇಳಿದಾಗಲೂ ಅದನ್ನೇ ಕೇಳಿದರು. ಇಂಗ್ಲೆಂಡಿನ ಜಾನ್ ಫೌಲರ್‌ಗೆ ಉಗಿಯಿಂದ ಉಳುವ ವ್ಯವಸ್ಥೆಗಾಗಿ 1858ರಲ್ಲಿ ಅಲ್ಲಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ 500 ಪೌಂಡ್ ಬಹುಮಾನ ಕೊಟ್ಟಿತು. ಭಾರದ ಎಂಜಿನ್ನು ಹೊಲಕ್ಕೆ ಇಳಿದರೆ ಮಣ್ಣು ಗಟ್ಟಿಯಾಗುತ್ತದೆ, ಹೂತೂ ಹೋಗುತ್ತದೆ. ಅದಕ್ಕೆ ಎಂಜಿನ್ನು ಅಂಚಿನಲ್ಲೇ ನಿಲ್ಲುತ್ತದೆ. ಮುಂದೆ ಹೊಲದ ಆ ಕಡೆ ಒಂದು, ಈ ಕಡೆ ಒಂದು ಎಂಜಿನ್ನು ಇಡುವುದು ರೂಢಿಯಾಯಿತು. ಉಕ್ಕಿನ ಹಗ್ಗ ಸುತ್ತಿ ಒಮ್ಮೆ ಇದು ಎಳೆಯುತ್ತದೆ, ಒಮ್ಮೆ ಅದು. ನೇಗಿಲು ತಿರುಗಿಸುವ ಕೆಲಸವೂ ಇಲ್ಲ. ಏತದ ಮರದ ಹಾಗೆ ನಡುವಿನಲ್ಲಿ ಚಕ್ರ, ಎರಡೂ ತುದಿಗೆ ಗುಳ. ಒಂದು ತುದಿ ಮಣ್ಣಲ್ಲಿದ್ದರೆ ಇನ್ನೊಂದು ಮೇಲೆ. ಐದು ಜನರ ತಂಡ, ಅದರಲ್ಲಿ ಒಬ್ಬ ಹುಡುಗ ಅಡುಗೆಗೆ. ಚಕ್ರದ ಮೇಲಿನ ಮನೆಯಲ್ಲೇ ವಾಸ, ಊರೂರು ಅಲೆದು ಉಳುಮೆ. ನೇಗಿಲ ಮೇಲೆ ಒಬ್ಬ ಕೂತು ಸಾಲು ನೇರ ಮಾಡುತ್ತಿದ್ದ. "ಸರಿ, ಅಲ್ಲೂ ಒಬ್ಬ ಇದ್ದ," ಅಂದರು ಅಪ್ಪಯ್ಯ, ಸಮಾಧಾನ ಆದವರ ಹಾಗೆ.

ಆ ಒಬ್ಬನೂ ಬೇಡ ಅಂತ ಹೊರಟವರೂ ಇದ್ದರು. ಮೊದಲು ಉತ್ತ ಸಾಲನ್ನೇ ತಡವಿಕೊಂಡು ಟ್ರ್ಯಾಕ್ಟರು ತಾನಾಗಿ ತಿರುಗುವ ಸಾಧನಕ್ಕೆ ಅಮೆರಿಕದಲ್ಲಿ 1924ರಲ್ಲೇ ಪೇಟೆಂಟ್ ಸಿಕ್ಕಿತ್ತು. 1940ರಲ್ಲಿ ಫ್ರಾಂಕ್ ಆಂಡ್ರೂ ಅನ್ನುವವರು ಇನ್ನೂ ಸರಳವಾದ ದಾರಿ ಹುಡುಕಿದರು. ಹೊಲದ ನಡುವೆ ಅಲುಗದಂತೆ ಒಂದು ಪೀಪಾಯಿ. ಅದರಿಂದ ಟ್ರ್ಯಾಕ್ಟರಿನ ಸ್ಟೀರಿಂಗಿಗೆ ಒಂದು ತಂತಿ ಹಗ್ಗ. ಟ್ರ್ಯಾಕ್ಟರು ಚಾಲೂ ಮಾಡಿ ಬಿಟ್ಟುಬಿಡುವುದು. ಇದನ್ನು ಹೇಗೆ ಅರ್ಥ ಮಾಡಿಸಲಿ ಅಂತ ನಾನು ಕರ್ಚೀಫಿನ ಮೇಲೆ ಗೆರೆ ಎಳೆಯುತ್ತಿದ್ದೆ. ಅಪ್ಪಯ್ಯ ತಡೆದರು.

"ಗೂಟಕ್ಕೆ ಕಟ್ಟಿದ ಕರು ಸುತ್ತಿ ಸುತ್ತಿ ಗೂಟಕ್ಕೇ ಬಂದು ನಿಲ್ಲಲ್ವಾ, ಹಾಗೆ."

ಹೌದು, ಹಾಗೇ. ಹಗ್ಗ ಸುತ್ತಿಕೊಂಡಷ್ಟೂ ಟ್ರ್ಯಾಕ್ಟರು ಒಳಗೆ ಬರುತ್ತದೆ. ಒಂದು ಸುತ್ತಿಗೆ ಎಷ್ಟು ಒಳಗೆ? ಪೀಪಾಯಿಯ ಸುತ್ತಳತೆ ಎಷ್ಟೋ ಅಷ್ಟು. ನೇಗಿಲಿನ ಅಗಲಕ್ಕೆ ಸರಿಯಾದ ಪೀಪಾಯಿ ಇಟ್ಟರೆ ಒಂದು ಸಾಲಿಗೆ ಒಂದು ಸಾಲು ತಾಗಿ ಬರುತ್ತದೆ. ಕಂಪ್ಯೂಟರಿಲ್ಲ, ಉಪಗ್ರಹವಿಲ್ಲ. ಬರೀ ಹಗ್ಗ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ನಮ್ಮ ಕಣದ ಮೇಟಿ ಕಂಬ, ಅದರ ಸುತ್ತ ಹುಲ್ಲು ತುಳಿಯುತ್ತಿದ್ದ ಎತ್ತುಗಳು, ಎಲ್ಲ ಕಣ್ಣ ಮುಂದೆ ಬಂತು.

ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿದರು. "ಮೂಲೆ ಉಳೀತಲ್ಲ ಪುಟ್ಟಿ," ಅಂದರು. ಅದೂ ಸರಿ. ಹೊಲ ಚೌಕ, ಉಳುಮೆ ದುಂಡಗೆ. ನಾಲ್ಕು ಮೂಲೆಗೆ ಮತ್ತೆ ಮನುಷ್ಯನೇ ಹೋಗಬೇಕು. ಜಾನ್ ಡೀರ್‌ನವರು 2022ರಲ್ಲಿ ಲಾಸ್ ವೇಗಾಸ್‌ನಲ್ಲಿ ತೋರಿಸಿದ ಟ್ರ್ಯಾಕ್ಟರಿಗೆ ಆರು ಜೋಡಿ ಕ್ಯಾಮೆರಾ ಇದೆ, ಓಡಿಸುವವರಿಲ್ಲ ಅಂದೆ. ಮೂಲೆಗೂ ಹೋಗುತ್ತಾ ಅಂತ ಕೇಳಿದರು. ಹೋಗುತ್ತೆ ಅಂದೆ. ಇನ್ನೊಂದು ತುತ್ತು ಮೊಸರನ್ನ ಬಾಯಿಗಿಟ್ಟರು.

ಯೂನಿವರ್ಸಲ್ ಯಾಕೆ ನಿಂತುಹೋಯಿತು ಅಂತ ಕೇಳಿದರೆ, ಯೋಚನೆ ತಪ್ಪಿತ್ತು ಅಂತ ನಾನು ಒಪ್ಪುವುದಿಲ್ಲ. ಸಾಮಾನು ಬದಲಾಯಿಸುವುದು ಕಷ್ಟವಿತ್ತು, ನಿಜ. ಆದರೆ ಹೊಡೆತ ಬಿದ್ದದ್ದು ದುಡ್ಡಿನ ಕಡೆಯಿಂದ. ಯುದ್ಧ ಮುಗಿದು 1920–21ರಲ್ಲಿ ಬೆಳೆಯ ಬೆಲೆ ನೆಲಕ್ಕೆ ಬಿತ್ತು. ಇದರ ಬೆಲೆ ಸಾವಿರ ಡಾಲರಿಗಿಂತ ಜಾಸ್ತಿ. ಹೆನ್ರಿ ಫೋರ್ಡ್ ತನ್ನ ಫೋರ್ಡ್‌ಸನ್ ಟ್ರ್ಯಾಕ್ಟರಿನ ಬೆಲೆಯನ್ನು 1922ರಲ್ಲಿ 395 ಡಾಲರಿಗೆ ಇಳಿಸಿದ. ಕೈಯಲ್ಲಿ ಕಾಸಿಲ್ಲದ ರೈತ ಯಾವುದನ್ನು ಕೊಳ್ಳುತ್ತಾನೆ? 1923ರ ಹೊತ್ತಿಗೆ ಯೂನಿವರ್ಸಲ್ ನಿಂತಿತು. ಅದೇ ಮಾದರಿಯಲ್ಲಿ ಅಲಿಸ್ ಚಾಲ್ಮರ್ಸ್ ಕಂಪನಿ ಮಾಡಿದ 6-12 ಅನ್ನುವ ಟ್ರ್ಯಾಕ್ಟರೂ ಕೆಲವೇ ವರ್ಷ ಬಾಳಿತು. 1924ರಲ್ಲಿ ಬಂದ ಫಾರ್ಮಾಲ್ ಟ್ರ್ಯಾಕ್ಟರು, ಮುಂದಿನ ಎರಡು ಚಕ್ರ ಒತ್ತೊತ್ತಾಗಿದ್ದು ಸಾಲು ಬೆಳೆಯ ನಡುವೆ ಹೋಗಬಲ್ಲ ಮಾದರಿಯಿಂದ ಎಲ್ಲರ ಮನಸ್ಸು ಗೆದ್ದಿತು. ಇಲ್ಲಿಯ ಬಯಲಿನಲ್ಲಿ ಎರಡು ಚಕ್ರ ಹೋಯಿತು. ಜಪಾನಿನ ಸಣ್ಣ ಗದ್ದೆಗಳಲ್ಲಿ ಉಳಿಯಿತು, ಅಲ್ಲಿಂದ 1960ರ ದಶಕದಲ್ಲಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ವಿಎಸ್‌ಟಿಯವರು ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಟಿಲ್ಲರು ಕಂಪನಿ ಶುರು ಮಾಡಿದ್ದು 1967ರಲ್ಲಿ.

ಮೂರು ಗಂಟೆಗೆ ಗೋಧಿ ಕೊಯ್ದ ಹೊಲದಲ್ಲಿ ಉಳುಮೆ ತೋರಿಸಿದರು. ಯೂನಿವರ್ಸಲ್ ಎರಡನೇ ಪ್ರಯತ್ನಕ್ಕೆ ಚಾಲೂ ಆಯಿತು. ಕೂಳೆ ಒಳಗೆ ಹೋಗಿ ಕಪ್ಪು ಮಣ್ಣು ಮಗುಚಿ ಬಿತ್ತು, ಒದ್ದೆಯಾಗಿ, ಮಿರಮಿರ ಹೊಳೆಯುತ್ತಾ. ಅಪ್ಪಯ್ಯ ಚಪ್ಪಲಿ ಬಿಟ್ಟು ಸಾಲಿಗೆ ಇಳಿದೇಬಿಟ್ಟರು. ಬಗ್ಗಿ ಗೇಣು ಹಾಕಿ ಆಳ ನೋಡಿದರು. ಒಂದು ಹಿಡಿ ಮಣ್ಣು ತೆಗೆದು ಹಿಸುಕಿ, "ಎರೆ ಮಣ್ಣಿನ ಹಾಗೇ ಇದೆ, ಆದ್ರೆ ಅಷ್ಟು ಅಂಟಲ್ಲ," ಅಂದರು.

ಉಳುಮೆ ನಿಂತ ಮೇಲೆ ಅಜ್ಜ ತಾವಾಗಿಯೇ ಸೀಟು ತೋರಿಸಿ ಕರೆದರು. ಅಪ್ಪಯ್ಯ ಕೂತರು. ಕೈ ಸ್ಟೀರಿಂಗಿನ ಮೇಲಿತ್ತು, ಕಣ್ಣು ಎದುರಿಗಿರಲಿಲ್ಲ. ಕೆಳಗೆ, ಎರಡು ಕಾಲಿನ ನಡುವೆ, ಮಣ್ಣು ಮೆತ್ತಿದ ಗುಳದ ಮೇಲಿತ್ತು.

"ಇಲ್ಲಿಂದ ಗುಳ ಕಾಣುತ್ತೆ ಪುಟ್ಟಿ. ದೊಡ್ಡ ಟ್ರ್ಯಾಕ್ಟರಲ್ಲಿ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡ್ಬೇಕು. ಇದರಲ್ಲಿ ಬೇಡ."

ಫೋಟೋ ತೆಗೆದೆ. ಆದರೆ ಅವರು ಕ್ಯಾಮೆರಾ ಕಡೆ ನೋಡಿಲ್ಲ.

ಮನೆಗೆ ಬಂದು ಕಾಲು ತೊಳೆದವರೇ ಊರಿಗೆ ಫೋನ್ ಹಚ್ಚಿಸಿದರು. ಅಲ್ಲಿ ಆಗ ಬೆಳಗಿನ ಆರು. ತಮ್ಮ ನಿದ್ದೆಗಣ್ಣಲ್ಲೇ ಎತ್ತಿದ. ಅಪ್ಪಯ್ಯ ಮೇಳದ ಸುದ್ದಿ ಏನೂ ಹೇಳಲಿಲ್ಲ. ಮಳೆ ಹ್ಯಾಗಿದೆ, ಕೆಳಗಿನ ಗದ್ದೆ ಹೂಟೆ ಆಯ್ತಾ, ಟಿಲ್ಲರಿನ ಬೆಲ್ಟು ಬದಲಾಯಿಸಿದೆಯಾ ಅಂತ ಕೇಳಿದರು. ಬದಲಾಯಿಸಿಲ್ಲ ಅಂದ. ಇವತ್ತೇ ಪೇಟೆಗೆ ಹೋಗಿ ತಾ ಅಂದರು.