ಕಂಬಳದ ಕೋಣಗಳ ಫೋಟೋ ಬೇಕಾ? ಮೊದಲು ಹಟ್ಟಿಗೆ ಹೋಗಿ

ಕಂಬಳಕ್ಕೆ ಕ್ಯಾಮೆರಾ ಹಿಡ್ಕೊಂಡು ಹೋಗುವ ಹೆಚ್ಚಿನವರು ಮಂಜೊಟ್ಟಿ, ಅಂದರೆ ಓಟ ಮುಗಿಯುವ ಜಾಗದ ಹತ್ತಿರ ನಿಂತು ಒಂದೇ ಫೋಟೋ ತೆಗೆಯುತ್ತಾರೆ. ಚಿಮ್ಮುವ ನೀರು, ನುಗ್ಗಿ ಬರುವ ಜೋಡಿ ಕೋಣ, ಹಿಂದೆ ಓಟಗಾರ. ಚೆಂದವೇ. ಆದರೆ ಅದು ಎಲ್ಲರ ಹತ್ತಿರವೂ ಇದೆ ಅಲ್ವಾ? ನಾವು ಮೂಡುಬಿದಿರೆ ಕಡೆ ಹೋದಾಗ ಕೋಣ ಸಾಕುವ ಒಂದು ಮನೆಯ ಹಟ್ಟಿಗೇ (ಕೊಟ್ಟಿಗೆಗೇ) ಹೋದೆವು. ನಗು ಬರುವ ಫೋಟೋಗಳೆಲ್ಲ ಸಿಕ್ಕಿದ್ದು ಅಲ್ಲೇ.

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿ.ಮೀ., ಸ್ಟೇಟ್‌ಬ್ಯಾಂಕ್‌ ಬಸ್ ನಿಲ್ದಾಣದಿಂದ ಬಸ್ಸು ಸಿಗುತ್ತದೆ. ಸೀಸನ್ ನವೆಂಬರಿನಿಂದ ಮಾರ್ಚ್, ಏಪ್ರಿಲ್ ತನಕ. ಸುಮ್ನೆ ಹೋಗಿ ಗೇಟು ತಟ್ಟಬೇಡಿ. ಪರಿಚಯದವರ ಮೂಲಕ ಮೊದಲೇ ಫೋನ್ ಮಾಡಿಸಿ. ಕಂಬಳ ಹತ್ತಿರ ಬಂದಾಗ ದೃಷ್ಟಿ ಆಗ್ತದೆ ಅಂತ ಯಾರಾದರೂ ಬೇಡ ಅಂದರೆ ಒತ್ತಾಯ ಮಾಡಬೇಡಿ.

ಹೋಗುವುದಾದರೆ ಕೋಣಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಹೋಗಿ. ನಾವು ಹೋದಾಗ ಒಬ್ಬರು ಬೈಹುಲ್ಲಿನಿಂದ ಮೈ ಉಜ್ಜುತ್ತಿದ್ದರು, ಕೋಣ ಕಣ್ಣು ಮುಚ್ಚಿ ಸುಖ ಅನುಭವಿಸುತ್ತಾ ಇದ್ದದ್ದು ಒಮ್ಮೆಲೇ ಒದ್ದೆ ಬಾಲ ಬೀಸಿ ಅವರ ಮುಖಕ್ಕೇ ಬಾರಿಸಿತು. ಪಕ್ಕದ ಕೋಣ ನೆಲ ಮೂಸಿ ತಲೆ ಎತ್ತಿ ಮೇಲ್ದುಟಿ ಮಡಚಿತು, ನೋಡಿದವರಿಗೆ ಇದು ನಗ್ತಾ ಇದೆ ಅಂತಲೇ ಅನ್ನಿಸಬೇಕು. ನಿಜವಾಗಿ ಅದು ವಾಸನೆ ಹಿಡಿಯುವ ರೀತಿ, ಕುದುರೆಗಳೂ ಹೀಗೇ ಮಾಡುತ್ತವೆ. ಕೆಲವೇ ಸೆಕೆಂಡು ಇರುತ್ತದೆ. ಆದ್ದರಿಂದ ತಲೆ ಎತ್ತಿದ ಕೂಡಲೇ ಬಟನ್ ಒತ್ತಿ ಹಿಡಿಯಿರಿ.

ಇನ್ನೊಂದು ಮಾತು. ಪೋಸ್ ಮುಗಿಯಿತು ಅಂತ ಕ್ಯಾಮೆರಾ ಇಳಿಸಬೇಡಿ. ಯಜಮಾನರು ಬಿಳಿ ಪಂಚೆ ಉಟ್ಟು, ಮೀಸೆ ತೀಡಿ, ಎರಡು ಕೋಣಗಳ ನಡುವೆ ಗಂಭೀರವಾಗಿ ನಿಂತಿದ್ದರು. ಆ ಫೋಟೋ ಸಾಧಾರಣ. "ಆಯ್ತಾ?" ಅಂತ ಅವರು ನಮ್ಮ ಕಡೆ ತಿರುಗಿದ ಹೊತ್ತಿಗೆ ಎಡಗಡೆಯ ಕೋಣ ಉದ್ದಕ್ಕೆ ನಾಲಿಗೆ ಹಾಕಿ ಕೆನ್ನೆ ನೆಕ್ಕಿತು ನೋಡಿ, ಇಡೀ ದಿನದ ಫೋಟೋ ಅದೇ!

ಕೋಣ ಕಪ್ಪು. ಕ್ಯಾಮೆರಾ ಅದನ್ನು ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡಿ ಬೂದು ಬಣ್ಣ ಬರಿಸುತ್ತದೆ. ಎಕ್ಸ್‌ಪೋಷರ್ ಮೈನಸ್ 0.7 ಅಥವಾ 1ಕ್ಕೆ ಇಳಿಸಿ. ಬಾಲ, ನಾಲಿಗೆ ಸ್ಪಷ್ಟ ಬರಬೇಕಾದರೆ ಶಟರ್ ವೇಗ 1/500 ಸೆಕೆಂಡು ಬೇಕು, ಕರೆಯಲ್ಲಿ (ಕೋಣ ಓಡುವ ಕೆಸರು ಗದ್ದೆಯಲ್ಲಿ) ಓಡುವಾಗ 1/1000ಕ್ಕಿಂತ ನಿಧಾನ ಬೇಡ. ಹಟ್ಟಿ ಒಳಗೆ ಕತ್ತಲೆ ಇದ್ದರೆ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸಿ, ಫ್ಲ್ಯಾಶ್ ಮಾತ್ರ ಹಾಕಲೇಬೇಡಿ. ಹೆದರಿದ ಕೋಣದ ಹತ್ತಿರ ತಮಾಷೆ ಇಲ್ಲ. ಹಿಂದೆ ನಿಲ್ಲಬೇಡಿ, ಅದಕ್ಕೆ ಕಾಣುವ ಹಾಗೆ ಪಕ್ಕದಲ್ಲಿರಿ. ಹಳೇ ಚಪ್ಪಲಿ ಹಾಕ್ಕೊಳ್ಳಿ, ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ.

ತಮಾಷೆ ಫೋಟೋ ಎಲ್ಲಿಯೂ ಹಾಕುವ ಮೊದಲು ಮನೆಯವರಿಗೆ ತೋರಿಸಿ ಕೇಳಿ. ಕೆನ್ನೆ ನೆಕ್ಕಿದ್ದನ್ನು ನಾವು ಅಂಜುತ್ತಲೇ ತೋರಿಸಿದೆವು. ಯಜಮಾನರು ದೊಡ್ಡದು ಮಾಡಿ ನೋಡಿ, "ಹಾಕಿ ಮಾರಾಯ್ರೆ, ತೊಂದರೆ ಇಲ್ಲ. ಆದ್ರೆ ಮೀಸೆ ಒಂದು ಬದಿ ಕಾಣುದಿಲ್ಲ ಅಲ್ವಾ, ಇನ್ನೊಂದು ತೆಗೀರಿ" ಅಂದರು. ಕೋಣ ಮತ್ತೆ ನೆಕ್ಕಲಿಲ್ಲ.